ಕಲ್ಲುಗಳ ಸಾಕ್ಷ್ಯ: ಮಾಯಾ ಅವಶೇಷಗಳೂ ಮಾರ್ಮನ್ ಗ್ರಂಥವೂ

1830ರಲ್ಲಿ ಜೋಸೆಫ್ ಸ್ಮಿತ್ ಅಮೆರಿಕದಲ್ಲಿ ಪ್ರಕಟಿಸಿದ ಮಾರ್ಮನ್ ಗ್ರಂಥದ ಪ್ರಕಾರ, ಕ್ರಿಸ್ತಪೂರ್ವ 600ರ ಸುಮಾರಿಗೆ ಜೆರುಸಲೇಮಿನಿಂದ ಹೊರಟ ಒಂದು ಕುಟುಂಬವು ಕಡಲು ದಾಟಿ ಅಮೆರಿಕ ಖಂಡದಲ್ಲಿ ನೆಲೆಸಿತು. ಅದರ ಸಂತತಿಯ ನೀಫೈಟರು ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಗೆ ಯುದ್ಧದಲ್ಲಿ ನಾಶವಾದರು. 1841ರಲ್ಲಿ ಜಾನ್ ಲಾಯ್ಡ್ ಸ್ಟೀಫನ್ಸ್ ತಮ್ಮ ಪ್ರವಾಸಕಥನದಲ್ಲಿ ಮಾಯಾ ನಗರಗಳನ್ನು ವರ್ಣಿಸಿದರು. ಮರುವರ್ಷವೇ ಮಾರ್ಮನ್ನರ ಪತ್ರಿಕೆಯೊಂದು ಪಾಲೆಂಕೆಯ ಕಟ್ಟಡಗಳು ನೀಫೈಟರ ಕೃತಿಗಳೆಂದು ಸಾರಿತು.

ಆಗ ಆ ಶಾಸನಗಳನ್ನು ಓದಬಲ್ಲವರಿರಲಿಲ್ಲ. 1952ರಲ್ಲಿ ಯೂರಿ ಕ್ನೊರೊಜೊವ್ ಆ ಲಿಪಿಯಲ್ಲಿ ಧ್ವನಿಚಿಹ್ನೆಗಳಿರುವುದನ್ನು ತೋರಿಸಿದರು. 1960ರಲ್ಲಿ ತತಿಯಾನಾ ಪ್ರೊಸ್ಕುರಿಯಾಕಾಫ್ ಶಾಸನಗಳಲ್ಲಿ ರಾಜರ ಜನನ, ಪಟ್ಟಾಭಿಷೇಕಗಳ ದಾಖಲೆಯನ್ನು ಗುರುತಿಸಿದರು. ಪಾಲೆಂಕೆಯ ಪ್ರಸಿದ್ಧ ಅರಸ ಪಕಾಲ್ ಆಳಿದ್ದು 615ರಿಂದ 683ರವರೆಗೆ, ನೀಫೈಟರ ಅಂತ್ಯವೆನ್ನಲಾದ ಕಾಲದಿಂದ ಎರಡು ಶತಮಾನಗಳಾಚೆಗೆ. ಕಲ್ಲುಗಳು ಮಾತನಾಡಿದಾಗ ಅವು ಮಾಯಾ ಜನರ ದೇವತೆಗಳನ್ನೂ ಪಂಚಾಂಗವನ್ನೂ ರಾಜವಂಶಗಳನ್ನೂ ಕುರಿತೇ ಮಾತನಾಡಿದವು.

ಈ ಶೋಧದಲ್ಲಿ ಮಾರ್ಮನ್ನರೇ ಮುಂದಾಳುಗಳಾಗಿದ್ದರು. 1952ರಲ್ಲಿ ಥಾಮಸ್ ಸ್ಟುವರ್ಟ್ ಫರ್ಗುಸನ್ ಸ್ಥಾಪಿಸಿದ ಪುರಾತತ್ವ ಪ್ರತಿಷ್ಠಾನವು ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ನಡೆಸಿದ ಉತ್ಖನನಗಳನ್ನು ಹೊರಗಿನ ವಿದ್ವಾಂಸರೂ ಗೌರವಿಸಿದರು. ಆದರೆ ಗ್ರಂಥವು ಹೆಸರಿಸುವ ಕುದುರೆ, ಗೋಧಿ, ಉಕ್ಕುಗಳ ಕುರುಹು ಆ ಕಾಲದ ಸ್ತರಗಳಲ್ಲಿ ದೊರೆಯಲಿಲ್ಲ. 1975ರಲ್ಲಿ ಫರ್ಗುಸನ್ನರೇ ಅದನ್ನು ಒಪ್ಪಿಕೊಂಡರು. ಜಾನ್ ಸೋರೆನ್ಸನ್ನರಂಥ ಮಾರ್ಮನ್ ವಿದ್ವಾಂಸರಾದರೋ, ಗ್ರಂಥದ ಘಟನೆಗಳು ಒಂದು ಚಿಕ್ಕ ಪ್ರದೇಶಕ್ಕೆ ಸೀಮಿತವೆಂದೂ ಪ್ರಾಣಿಗಳ ಹೆಸರು ಬೇರೆ ಪ್ರಾಣಿಗಳನ್ನು ಸೂಚಿಸಬಹುದೆಂದೂ ವಾದಿಸುತ್ತಾರೆ. ಈ ವಾದ ಗ್ರಂಥವನ್ನು ಖಂಡನೆಯಿಂದ ಕಾಪಾಡಬಹುದು, ಸಾಕ್ಷ್ಯವನ್ನು ಒದಗಿಸಲಾರದು.

ಇದನ್ನೋದಿ ನಾವು ಹಿಗ್ಗುವುದು ತರವಲ್ಲ. 1930ರ ದಶಕದಲ್ಲಿ ಜಾನ್ ಗಾರ್ಸ್ಟಾಂಗ್ ಜೆರಿಕೊದಲ್ಲಿ ಯೆಹೋಶುವನ ಕಾಲದ ಗೋಡೆಗಳನ್ನು ಕಂಡೆವೆಂದಾಗ ಕ್ರೈಸ್ತಲೋಕ ಸಂಭ್ರಮಿಸಿತು. 1950ರ ದಶಕದಲ್ಲಿ ಕ್ಯಾಥ್ಲೀನ್ ಕೆನ್ಯನ್ ಅವು ಸುಮಾರು ಸಾವಿರ ವರ್ಷ ಹಳೆಯವೆಂದು ತೋರಿಸಿದರು. ಜೆರಿಕೊ, ಜೆರುಸಲೇಮ್‌ಗಳು ನೆಲದ ಮೇಲೆ ಗುರುತಿಸಬಲ್ಲ ಊರುಗಳೆಂಬುದು ನಿಜ. ನೀಫೈಟರ ಒಂದು ನಗರವೂ ಅಮೆರಿಕದಲ್ಲಿ ಹಾಗೆ ಗುರುತಾಗಿಲ್ಲ. ಆದರೂ ಅಳತೆಗೋಲು ಎರಡು ಕಡೆಗೂ ಒಂದೇ ಆಗಿರಬೇಕು.

ಆದುದರಿಂದ ಪ್ರಬೋಧನಪೀಠದಿಂದ ‘ಪುರಾತತ್ವವು ನಮ್ಮ ವಿಶ್ವಾಸವನ್ನು ರುಜುವಾತುಪಡಿಸಿದೆ’ ಎನ್ನುವ ಮುನ್ನ ನಾವು ತಡೆದು ಯೋಚಿಸಬೇಕು. ಕಲ್ಲನ್ನು ಸಾಕ್ಷಿಗೆ ಕರೆದವನು ಅದು ನುಡಿದುದನ್ನು ಕೇಳಲೇಬೇಕು. ಇನ್ನೊಂದು ಮಾತೂ ಉಂಟು: ಮಾಯಾ ಜನರು ಅಳಿದವರಲ್ಲ, ಅವರ ಲಕ್ಷಾಂತರ ವಂಶಜರು ಇಂದಿಗೂ ಮೆಕ್ಸಿಕೋ, ಗ್ವಾಟೆಮಾಲಾಗಳಲ್ಲಿ ತಮ್ಮ ನುಡಿಯಾಡುತ್ತಿದ್ದಾರೆ. ಅವರ ಪೂರ್ವಜರ ಕೈಕೆಲಸವನ್ನು ಅನ್ಯರ ಹೆಸರಿಗೆ ಬರೆಯುವುದು ಇತಿಹಾಸದ ತಪ್ಪು ಮಾತ್ರವಲ್ಲ, ನ್ಯಾಯದ ತಪ್ಪೂ ಹೌದು. ಸತ್ಯದ ದೇವರನ್ನು ಸೇವಿಸುವವರಿಗೆ ಎರಡೂ ಸಲ್ಲವು.