ಜಾವಾ, ಯೆಜ್ಡಿ ಮತ್ತು ಬಿಸಿಯೇರಿದ ಕಂಡೆನ್ಸರ್
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ಬಹುಪಾಲು, ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕಾರುಗಳಿಗಾಗಿ ರೂಪಿಸಿದ ಬ್ಯಾಟರಿ-ಕಾಯಿಲ್ ವ್ಯವಸ್ಥೆಯನ್ನೇ ನೆಚ್ಚಿಕೊಂಡಿದ್ದವು. ಎಂಜಿನ್ನಿನೊಡನೆ ಸುತ್ತುವ ಕ್ಯಾಮ್, ಸಿ.ಬಿ. ಪಾಯಿಂಟ್ ಎಂಬ ಪುಟ್ಟ ಲೋಹದ ಸ್ವಿಚ್ಚನ್ನು ತೆರೆದೊಡನೆ ಕಾಯಿಲ್‌ಗೆ ಹರಿಯುತ್ತಿದ್ದ ವಿದ್ಯುತ್ ಕಡಿದು, ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿನಲ್ಲಿ ಹಾರುತ್ತಿತ್ತು. ಆ ಕ್ಷಣದಲ್ಲಿ ಪಾಯಿಂಟುಗಳ ನಡುವೆಯೇ ಕಿಡಿ ಸಿಡಿದು ಶಕ್ತಿ ಪೋಲಾಗದಂತೆ ವಿದ್ಯುದಾವೇಶವನ್ನು ಹಿಡಿದಿಡುವ ಹೊಣೆ ಕಂಡೆನ್ಸರಿನದು. ಹಳತಾದ ಕಂಡೆನ್ಸರಿನ ಒಳಗಿನ ಅವಾಹಕ ಪದರ, ಅಂದರೆ ವಿದ್ಯುತ್ತನ್ನು ತಡೆಯುವ ಪದರ, ಎಂಜಿನ್ನಿನ ಶಾಖಕ್ಕೆ ದುರ್ಬಲವಾಗಿ ಸೋರತೊಡಗಿದಾಗ, ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದಿದ್ದ ಬೈಕು ದೂರ ಓಡಿ ನಿಂತ ಮೇಲೆ ಮತ್ತೆ ಏಳುತ್ತಿರಲಿಲ್ಲ, ತಣಿದರೆ ಮಾತ್ರ ಏನೂ ಆಗದಂತೆ ಏಳುತ್ತಿತ್ತು. ದೋಷ ಪೆಟ್ರೋಲಿನದೆಂದು ಬಗೆದು ಕಾರ್ಬುರೇಟರನ್ನು ಬಿಚ್ಚುವುದು ಸಾಮಾನ್ಯವಾಗಿದ್ದರೂ, ಬಲ್ಲ ಮೆಕ್ಯಾನಿಕ್ ಎಂಜಿನ್ ಬಿಸಿಯಿರುವಾಗಲೇ ಪಕ್ಕದ ಮುಚ್ಚಳ ತೆಗೆದು, ಕಿಕ್ ಹೊಡೆಯುತ್ತ ಪಾಯಿಂಟುಗಳನ್ನು ನೋಡುತ್ತಿದ್ದ. ಅಲ್ಲಿ ದಪ್ಪನೆಯ ಹಳದಿ ಕಿಡಿ ಸಿಡಿದು, ಪ್ಲಗ್ಗಿನ ಕಿಡಿ ಸಣಕಲಾಗಿ ಕೆಂಪಗಿದ್ದರೆ ಕಂಡೆನ್ಸರನ್ನು ಬದಲಿಸುತ್ತಿದ್ದ. ದೋಷ ಕಾಣಿಸಿಕೊಳ್ಳುವ ಸ್ಥಿತಿಯಲ್ಲೇ ಅದನ್ನು ಪರೀಕ್ಷಿಸಬೇಕೆಂಬ ಈ ಕ್ರಮ, ಯಾವ ಪ್ರಯೋಗಾಲಯಕ್ಕೂ ಒಪ್ಪುವಂಥದು. ಕಾಯಿಲ್ ಸುರುಳಿಯ ಎನಾಮೆಲ್ ಲೇಪ ಒಳಗೇ ಬಿರುಕು ಬಿಟ್ಟಾಗಲೂ ಬೈಕು ಬಿಸಿಯಾದ ಮೇಲೆ ಏಳದಿರುವ ಇದೇ ಲಕ್ಷಣ ತೋರುತ್ತಿದ್ದುದರಿಂದ, ಕಂಡೆನ್ಸರ್ ಹೊಸದಾದರೂ ಬೈಕು ಏಳದಿದ್ದರೆ ಮುಂದಿನ ಸರದಿ ಕಾಯಿಲ್‌ನದಾಗಿತ್ತು. ಪಾಯಿಂಟುಗಳೇ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ ರೂಢಿಗೆ ಬಂದ ಬಳಿಕ ಈ ಪರೀಕ್ಷೆ ಹಳೆಯ ಬೈಕುಗಳನ್ನು ಉಳಿಸಿಕೊಂಡವರ ನಡುವೆ ಮಾತ್ರ ಬಳಕೆಯಲ್ಲಿದೆ.