ಊರು ಕೊಟ್ಟ ಬಿರುದು

ಹಳ್ಳಿಗಳ ಕಡೆ ಹೋದಾಗ ಕೆರೆ ಏರಿಯ ಮೇಲೋ ಗುಡಿಯ ಪಕ್ಕದಲ್ಲೋ ನಿಂತಿರುವ ವೀರಗಲ್ಲುಗಳನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಇರುವವರೆಲ್ಲ ರಾಜರೇನಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬಿಡಿಸಲು ಹೋಗಿ ಸತ್ತವರೂ ಇದ್ದಾರೆ. ಶಾಸನಗಳಲ್ಲಿ ಇದಕ್ಕೆ 'ತುರುಗೊಳ್' ಎಂಬ ಮಾತೇ ಇದೆ. ಊರಿಗಾಗಿ ನಿಂತ ಸಾಮಾನ್ಯರನ್ನು ನೆನೆಯುವುದು ನಮ್ಮಲ್ಲಿ ಅಷ್ಟು ಹಳೆಯದು.

ಆದರೆ ಆ ಕಲ್ಲುಗಳನ್ನು ನಿಲ್ಲಿಸಿದ್ದು ಸತ್ತ ಮೇಲೆ. ಬದುಕಿದ್ದಾಗಲೇ ಗುರುತಿಸುವುದು ಹೇಗೆ? ಅದಕ್ಕೂ ಜನರ ಹತ್ತಿರ ಒಂದು ದಾರಿ ಇತ್ತು... ಮಾಡಿದ ಕೆಲಸವನ್ನೇ ಹೆಸರಿನ ಮುಂದೆ ಸೇರಿಸಿ ಕರೆಯುವುದು!

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಿಂದ ಹೆರಿಗೆ ಮಾಡಿಸುತ್ತಿದ್ದರು. ಆಸ್ಪತ್ರೆ ದೂರವಿದ್ದ ಆ ಕಡೆಯ ಊರುಗಳಲ್ಲಿ ದುಡ್ಡು ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. ಜನರ ಬಾಯಲ್ಲಿ ಅವರು ಸೂಲಗಿತ್ತಿ ನರಸಮ್ಮ. ಪದ್ಮಶ್ರೀ ಬಂದಿದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು, 98ನೇ ವಯಸ್ಸಿನಲ್ಲಿ.

ಮಾಗಡಿ ತಾಲ್ಲೂಕಿನ ಹುಲಿಕಲ್‌ನ ತಿಮ್ಮಕ್ಕನವರ ಕಥೆ ನಿಮಗೆ ಗೊತ್ತೇ ಇದೆ. ಮಕ್ಕಳಿಲ್ಲದ ಅವರು, ಗಂಡ ಚಿಕ್ಕಯ್ಯ ಇಬ್ಬರೂ ಸೇರಿ ಕುದೂರಿಗೆ ಹೋಗುವ ರಸ್ತೆ ಬದಿಯಲ್ಲಿ ಆಲದ ಸಸಿ ನೆಟ್ಟರು. ಬಿಂದಿಗೆಯಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಹಾಗೆ ಬೆಳೆದ ಮರಗಳು 385. ಪದ್ಮಶ್ರೀ 2019ರಲ್ಲಿ ಬಂತು. ಚಿಕ್ಕಯ್ಯ 1991ರಲ್ಲೇ ಹೋಗಿಬಿಟ್ಟಿದ್ದರು. ಪಾಪ, ಆ ಸಂತೋಷ ಅವರಿಗೆ ಸಿಗಲಿಲ್ಲ.

ಪದ್ಮಶ್ರೀ ಬರುವ ಎಷ್ಟೋ ವರ್ಷ ಮೊದಲೇ ಊರು ಬಿರುದು ಕೊಟ್ಟಾಗಿತ್ತು ಅನ್ನುವುದನ್ನು ಗಮನಿಸಿ.

ಇನ್ನೊಂದು ಮಾತು. ಪದ್ಮಶ್ರೀ ಬಂದ ಅದೇ 2019ರಲ್ಲಿ ರಸ್ತೆ ಅಗಲೀಕರಣಕ್ಕೆ ತಿಮ್ಮಕ್ಕನವರ ಆ ಮರಗಳೇ ಬಲಿಯಾಗುವ ಪರಿಸ್ಥಿತಿ ಬಂತು! ನೂರು ದಾಟಿದ ಅಜ್ಜಿಯೇ ಮರ ಉಳಿಸಿ ಎಂದು ಕೇಳಿಕೊಳ್ಳಬೇಕಾಯಿತು. ಆಮೇಲೆ ಬೇರೆ ದಾರಿ ಹುಡುಕುತ್ತೇವೆ ಎಂದಿತು ಸರ್ಕಾರ. ಶಾಲು ಹೊದಿಸಿ ಹಾರ ಹಾಕುವುದು ಸುಲಭ. ಅವರು ಮಾಡಿದ ಕೆಲಸವನ್ನು ಕಾಯುವುದೇ ಕಷ್ಟ ಅಲ್ವಾ?

2025ರ ನವೆಂಬರ್ 14ರಂದು ತಿಮ್ಮಕ್ಕನವರೂ ಹೋದರು. ಆ ಮರಗಳಿಗೆ ಈಗ ನಾವು ನೀರು ಹೊರಬೇಕಾಗಿಲ್ಲ, ಕಡಿಯದೇ ಇದ್ದರೆ ಸಾಕು.

ನಿಮ್ಮ ಬೀದಿಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರ ಹೆಸರಿನ ಮುಂದೆ ಏನು ಸೇರಿಸಿ ಕರೆಯಬಹುದು, ಒಮ್ಮೆ ಯೋಚಿಸಿ ನೋಡಿ...