ನರ ಅಂಗಾಂಶ: ರಚನೆ, ಕಾರ್ಯ ಮತ್ತು ಸಂರಕ್ಷಣೆ

ಪೀಠಿಕೆ

ಮಾನವ ಶರೀರದ ಅಂಗಾಂಶಗಳನ್ನು ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ ಅಂಗಾಂಶಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಮಿದುಳು, ಮಿದುಳುಬಳ್ಳಿ ಹಾಗೂ ದೇಹದಾದ್ಯಂತ ಹರಡಿರುವ ನರಗಳು ನರ ಅಂಗಾಂಶದಿಂದ ರಚಿತವಾಗಿವೆ. ಚರ್ಮದ ಗಾಯವು ಮಾಯುತ್ತದೆ, ಮುರಿದ ಮೂಳೆಯು ಕೂಡಿಕೊಳ್ಳುತ್ತದೆ. ಆದರೆ ಮಿದುಳಿನಲ್ಲಿ ಸತ್ತ ನರಕೋಶದ ಸ್ಥಾನದಲ್ಲಿ ಸಾಮಾನ್ಯವಾಗಿ ಹೊಸ ನರಕೋಶವು ಹುಟ್ಟುವುದಿಲ್ಲ. ಆದುದರಿಂದ ಈ ಅಂಗಾಂಶದ ಪರಿಚಯವು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಪ್ರತಿಯೊಂದು ಕುಟುಂಬಕ್ಕೂ ಅವಶ್ಯಕವಾಗಿದೆ.

ನರಕೋಶದ ರಚನೆ

ನರ ಅಂಗಾಂಶದ ಮೂಲ ಘಟಕವೇ ನರಕೋಶ ಅಥವಾ ನ್ಯೂರಾನ್. ವಯಸ್ಕರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಅಂದಾಜಿಸಲಾಗಿದೆ. ಪ್ರತಿ ನರಕೋಶದಲ್ಲಿ ಮೂರು ಮುಖ್ಯ ಭಾಗಗಳಿರುತ್ತವೆ.

1. ಕೋಶಕಾಯ: ಕೋಶಕೇಂದ್ರವನ್ನು ಒಳಗೊಂಡಿದ್ದು, ಇಡೀ ನರಕೋಶದ ಪೋಷಣೆಯನ್ನು ನಿರ್ವಹಿಸುತ್ತದೆ.
2. ಡೆಂಡ್ರೈಟ್‌ಗಳು: ಕೋಶಕಾಯದಿಂದ ಮರದ ಕೊಂಬೆಗಳಂತೆ ಕವಲೊಡೆದಿರುವ ಎಳೆಗಳು. ಇವು ಇತರ ನರಕೋಶಗಳಿಂದ ಸಂದೇಶವನ್ನು ಪಡೆಯುತ್ತವೆ.
3. ಆಕ್ಸಾನ್: ಸಂದೇಶವನ್ನು ಮುಂದಕ್ಕೆ ಸಾಗಿಸುವ ಉದ್ದನೆಯ ತಂತು. ಮಿದುಳುಬಳ್ಳಿಯ ಕೆಳಭಾಗದಿಂದ ಪಾದದವರೆಗೆ ಹೋಗುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದವಿರುತ್ತದೆ.

ನರಕೋಶಗಳಿಗೆ ಆಧಾರವಾಗಿ ಗ್ಲಿಯಾ ಕೋಶಗಳು ಇರುತ್ತವೆ. ಇವು ನರಕೋಶಗಳಿಗೆ ಪೋಷಣೆ ಹಾಗೂ ರಕ್ಷಣೆಯನ್ನು ನೀಡುತ್ತವೆ. ಇವುಗಳಲ್ಲಿ ಕೆಲವು ಆಕ್ಸಾನ್‌ನ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯನ್ನು ನಿರ್ಮಿಸುತ್ತವೆ. ಕೈಕಾಲುಗಳ ನರಗಳಲ್ಲಿ ಈ ಕಾರ್ಯವನ್ನು ಶ್ವಾನ್ ಕೋಶಗಳು ನಿರ್ವಹಿಸುತ್ತವೆ. ಕೋಶಕಾಯಗಳು ಹೆಚ್ಚಾಗಿರುವ ಭಾಗವು ಬೂದುಬಣ್ಣವಾಗಿಯೂ, ಮೈಲಿನ್ ಹೊದಿಕೆಯ ಆಕ್ಸಾನ್‌ಗಳು ಹೆಚ್ಚಾಗಿರುವ ಭಾಗವು ಬಿಳಿಯಾಗಿಯೂ ಕಾಣುತ್ತದೆ.

ಕಾರ್ಯವಿಧಾನ

ವಿಶ್ರಾಂತ ಸ್ಥಿತಿಯಲ್ಲಿ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಪ್ರಚೋದನೆಯುಂಟಾದಾಗ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಬಳಿಕ ಪೊಟ್ಯಾಸಿಯಂ ಅಯಾನುಗಳು ಹೊರಬರುತ್ತವೆ. ಈ ಬದಲಾವಣೆಯು ಅಲೆಯಂತೆ ಆಕ್ಸಾನ್‌ನಲ್ಲಿ ಸಾಗುತ್ತದೆ. ಇದೇ ನರಾವೇಗ. ಮೈಲಿನ್ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 100 ಮೀಟರ್‌ವರೆಗೆ ಇದ್ದರೆ, ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಒಂದೆರಡು ಮೀಟರ್ ಮಾತ್ರ.

ಎರಡು ನರಕೋಶಗಳು ಸಂಧಿಸುವ ಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಬಹುಪಾಲು ಸಿನಾಪ್ಸ್‌ಗಳಲ್ಲಿ ಅವುಗಳ ನಡುವೆ ಅತಿ ಸೂಕ್ಷ್ಮವಾದ ಅಂತರವಿದ್ದು, ನರವಾಹಕ ರಾಸಾಯನಿಕಗಳು ಸಂದೇಶವನ್ನು ದಾಟಿಸುತ್ತವೆ.

ಕಾದ ಕಾವಲಿಗೆ ಬೆರಳು ತಗುಲಿದಾಗ ಜ್ಞಾನವಾಹಿ ನರವು ಸಂದೇಶವನ್ನು ಮಿದುಳುಬಳ್ಳಿಗೆ ಒಯ್ಯುತ್ತದೆ. ಅಲ್ಲಿಂದಲೇ ಕ್ರಿಯಾವಾಹಿ ನರದ ಮೂಲಕ ಸ್ನಾಯುವಿಗೆ ಆದೇಶ ಹೊರಟು ಕೈ ಹಿಂದಕ್ಕೆ ಬರುತ್ತದೆ. ನೋವಿನ ಅರಿವು ಮಿದುಳನ್ನು ತಲಪುವ ಮೊದಲೇ ಈ ಪರಾವರ್ತಿತ ಕ್ರಿಯೆಯು ಆರಂಭವಾಗಿರುತ್ತದೆ.

ಹಾನಿಯ ಮೂರು ಬಗೆಗಳು

ಕೋಶಕಾಯ ಮತ್ತು ಪಾರ್ಶ್ವವಾಯು: ಮಿದುಳು ದೇಹತೂಕದ ಶೇಕಡ 2ರಷ್ಟಿದ್ದರೂ, ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದ ಸುಮಾರು ಶೇಕಡ 20ರಷ್ಟನ್ನು ತಾನೇ ಬಳಸುತ್ತದೆ. ಆದುದರಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟಿ ರಕ್ತಸಂಚಾರ ನಿಂತಾಗ ನರಕೋಶಗಳು ಬೇಗನೆ ಸಾಯುತ್ತವೆ. ದೊಡ್ಡ ರಕ್ತನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಲೆಕ್ಕಹಾಕಲಾಯಿತು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸಿ.ಟಿ. ಸ್ಕ್ಯಾನ್‌ನಿಂದ ಖಚಿತಪಡಿಸಿಕೊಂಡ ಬಳಿಕ ನೀಡಲಾಗುತ್ತದೆ.

ಆಕ್ಸಾನ್ ಮತ್ತು ರೇಬೀಸ್: ಹುಚ್ಚುನಾಯಿ ಕಚ್ಚಿದಾಗ ರೇಬೀಸ್ ವೈರಾಣುವು ಗಾಯದ ಬಳಿಯ ನರವನ್ನು ಪ್ರವೇಶಿಸಿ, ಆಕ್ಸಾನ್‌ನ ಮಾರ್ಗವಾಗಿಯೇ ಮಿದುಳಿನತ್ತ ಸಾಗುತ್ತದೆ. ವೈರಾಣುವು ನರವನ್ನು ಸೇರುವ ಮುನ್ನ ಅದನ್ನು ತಡೆಯುವುದೇ ಚಿಕಿತ್ಸೆಯ ಉದ್ದೇಶ. ರೋಗಲಕ್ಷಣಗಳು ಕಾಣಿಸಿಕೊಂಡ ನಂತರ ಮರಣವು ಬಹುತೇಕ ನಿಶ್ಚಿತ. ಹಿಂದೆ ಕುರಿಯ ಮಿದುಳಿನ ಅಂಗಾಂಶದಿಂದ ತಯಾರಿಸಿದ ಲಸಿಕೆಯನ್ನು ಹೊಟ್ಟೆಯ ಭಾಗಕ್ಕೆ ನೀಡಲಾಗುತ್ತಿತ್ತು. ಅದರಲ್ಲಿ ಮೈಲಿನ್ ಇದ್ದುದರಿಂದ ಕೆಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ನರಗಳ ಮೈಲಿನ್ ಮೇಲೆ ದಾಳಿಮಾಡಿ ಲಕ್ವ ಉಂಟಾಗುತ್ತಿತ್ತು. ಭಾರತದಲ್ಲಿ ಈ ಲಸಿಕೆಯನ್ನು 2004ರ ಡಿಸೆಂಬರ್‌ನಲ್ಲಿ ನಿಲ್ಲಿಸಲಾಯಿತು. ಈಗಿನ ಲಸಿಕೆಗಳಲ್ಲಿ ನರ ಅಂಗಾಂಶವಿಲ್ಲ. ಅವುಗಳನ್ನು ತೋಳಿಗೆ ನೀಡಲಾಗುತ್ತದೆ. ಹೊಟ್ಟೆಗೆ ಚುಚ್ಚುತ್ತಾರೆಂದು ಹೆದರಿ ಲಸಿಕೆಯನ್ನು ತಪ್ಪಿಸಬಾರದು.

ಹೊದಿಕೆ ಮತ್ತು ಕುಷ್ಠರೋಗ: ಕುಷ್ಠರೋಗದ ಬ್ಯಾಕ್ಟೀರಿಯಾಗಳು ಶ್ವಾನ್ ಕೋಶಗಳಲ್ಲಿ ನೆಲೆಸುತ್ತವೆ. ಆದುದರಿಂದಲೇ ಸ್ಪರ್ಶಜ್ಞಾನವಿಲ್ಲದ ಮಚ್ಚೆಯು ಈ ರೋಗದ ಪ್ರಮುಖ ಚಿಹ್ನೆಯಾಗಿದೆ. ಸುಟ್ಟರೂ ಚುಚ್ಚಿದರೂ ತಿಳಿಯದ ಕಾರಣ ಗಾಯಗಳಾಗಿ ಅಂಗವಿಕಲತೆ ಉಂಟಾಗುತ್ತದೆ. ಮಚ್ಚೆಯು ನೋಯುವುದಿಲ್ಲವೆಂಬುದು ನಿರ್ಲಕ್ಷ್ಯಕ್ಕೆ ಕಾರಣವಾಗಬಾರದು.

ಕೈಕಾಲಿನ ನರ ತುಂಡಾದಾಗ ಕೋಶಕಾಯವು ಉಳಿದಿದ್ದರೆ ಆಕ್ಸಾನ್ ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಮರಳಿ ಬೆಳೆಯಬಲ್ಲದು. ಅಂದರೆ ಮೊಣಕೈಯಿಂದ ಬೆರಳತುದಿಯವರೆಗೆ ಬೆಳೆಯಲು ಒಂದು ವರ್ಷವಾದರೂ ಬೇಕು. ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ಇಂತಹ ಬೆಳವಣಿಗೆ ಅತ್ಯಲ್ಪ.

ಬೆಂಗಳೂರಿನಲ್ಲಿ ನರವಿಜ್ಞಾನ

ನಗರದಲ್ಲಿದ್ದ ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಒಂದುಗೂಡಿಸಿ 1974ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು (ನಿಮ್ಹಾನ್ಸ್) ಸ್ಥಾಪಿಸಲಾಯಿತು. ಇಲ್ಲಿ 1995ರಲ್ಲಿ ಆರಂಭವಾದ ಮಾನವ ಮಿದುಳು ಬ್ಯಾಂಕ್, ಮರಣಾನಂತರ ಕುಟುಂಬದವರ ಒಪ್ಪಿಗೆಯೊಂದಿಗೆ ದೊರೆತ ಮಿದುಳುಗಳನ್ನು ಸಂಶೋಧನೆಗಾಗಿ ಸಂರಕ್ಷಿಸುತ್ತದೆ. ಇಲ್ಲಿನ ಮಿದುಳು ವಸ್ತುಸಂಗ್ರಹಾಲಯದಲ್ಲಿ ಪಾರ್ಶ್ವವಾಯು, ಗೆಡ್ಡೆ, ಅಪಘಾತ ಮುಂತಾದವುಗಳಿಂದ ಹಾನಿಗೊಂಡ ನೈಜ ಮಿದುಳುಗಳನ್ನು ಸಾರ್ವಜನಿಕರು ಮತ್ತು ವಿದ್ಯಾರ್ಥಿಗಳು ವೀಕ್ಷಿಸಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ

1. ಮುಖ ಒಂದು ಬದಿಗೆ ವಾಲುವುದು, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದಾದರೂ ಹಠಾತ್ತನೆ ಕಂಡುಬಂದಲ್ಲಿ ತಕ್ಷಣ 108ಕ್ಕೆ ಕರೆಮಾಡಿ. ಲಕ್ಷಣ ಆರಂಭವಾದ ಸಮಯವನ್ನು ಬರೆದಿಡಿ. ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿ. ಎಣ್ಣೆ ತಿಕ್ಕುತ್ತಾ ಕಾಲಹರಣ ಮಾಡಬೇಡಿ.

2. ರಾಜರಾಜೇಶ್ವರಿನಗರದ ನಿವಾಸಿಗಳು ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ತಲಪಲು ನಗರವನ್ನು ಅಡ್ಡಹಾಯಬೇಕಾಗುತ್ತದೆ. ಮೈಸೂರು ರಸ್ತೆಯ ವಾಹನದಟ್ಟಣೆಯಲ್ಲಿ ಅಮೂಲ್ಯ ಸಮಯ ವ್ಯರ್ಥವಾಗಬಹುದು. ಆದುದರಿಂದ ದಿನದ 24 ಗಂಟೆಯೂ ಸಿ.ಟಿ. ಸ್ಕ್ಯಾನ್ ಹಾಗೂ ಪಾರ್ಶ್ವವಾಯು ಚಿಕಿತ್ಸೆ ಲಭ್ಯವಿರುವ ಸಮೀಪದ ಆಸ್ಪತ್ರೆ ಯಾವುದೆಂದು ಪ್ರತಿ ಕುಟುಂಬವೂ ಮೊದಲೇ ವಿಚಾರಿಸಿ ಇಟ್ಟುಕೊಳ್ಳತಕ್ಕದ್ದು.

3. ನಾಯಿ ಕಚ್ಚಿದಲ್ಲಿ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ, ಅರಿಶಿನ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ವೈದ್ಯರು ಸೂಚಿಸಿದ ಎಲ್ಲ ಡೋಸುಗಳನ್ನೂ ಪೂರೈಸಿ.

4. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡಲ್ಲಿ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿ. ಕುಷ್ಠರೋಗಕ್ಕೆ ಬಹುವಿಧ ಔಷಧ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.

5. ದ್ವಿಚಕ್ರ ವಾಹನದಲ್ಲಿ ಸವಾರರಿಬ್ಬರೂ ಹೆಲ್ಮೆಟ್ ಧರಿಸಿ, ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ರಕ್ತದೊತ್ತಡ ಮತ್ತು ಮಧುಮೇಹವನ್ನು ನಿಯಮಿತವಾಗಿ ಪರೀಕ್ಷಿಸಿಕೊಳ್ಳಿ.